ಬ್ರಾಂಚ್ ಕೇಳದ ಎಂಜಿನಿಯರಿಂಗ್: ಕೇಂಬ್ರಿಡ್ಜ್ ಕೋರ್ಸ್ ಯಾರಿಗೆ ಹೊಂದುತ್ತದೆ, ಯಾರಿಗೆ ಬೇಡ

ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್‌ಗೆ ಅರ್ಜಿ ಹಾಕುವಾಗ ಮೆಕ್ಯಾನಿಕಲ್ಲೋ ಸಿವಿಲ್ಲೋ ಎಲೆಕ್ಟ್ರಿಕಲ್ಲೋ ಎಂದು ಯಾರೂ ಕೇಳುವುದಿಲ್ಲ. ಕೆಮಿಕಲ್ ಎಂಜಿನಿಯರಿಂಗ್ ಮತ್ತು ಕಂಪ್ಯೂಟರ್ ಸೈನ್ಸ್ ಬೇರೆ ಕೋರ್ಸುಗಳು. ಉಳಿದವರೆಲ್ಲ ಸೇರುವುದು ನಾಲ್ಕು ವರ್ಷದ ಎಂಜಿನಿಯರಿಂಗ್ ಟ್ರೈಪಾಸ್ ಎಂಬ ಒಂದೇ ಕೋರ್ಸಿಗೆ. ನಮ್ಮ ವಿಟಿಯು ಕಾಲೇಜುಗಳ ಮೊದಲ ವರ್ಷದ ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ಲಿನ ಜೊತೆ ಇದನ್ನು ಹೋಲಿಸುವವರಿದ್ದಾರೆ, ಅದು ಸರಿಯಲ್ಲ. ನಮ್ಮಲ್ಲಿ ಸೀಟು ಸಿಗುವ ದಿನವೇ ಬ್ರಾಂಚ್ ನಿಗದಿಯಾಗಿರುತ್ತದೆ. ಅಲ್ಲಿ ಪೂರ್ತಿ ಎರಡು ವರ್ಷ ಓದಿದ ಮೇಲೆ ಆಯ್ಕೆ.

ಮೊದಲ ವರ್ಷಕ್ಕೆ, ಅಂದರೆ ಪಾರ್ಟ್ 1ಎಗೆ, ನಾಲ್ಕು ಲಿಖಿತ ಪತ್ರಿಕೆಗಳು: ಮೆಕ್ಯಾನಿಕಲ್, ರಚನೆಗಳು ಮತ್ತು ವಸ್ತುಗಳು, ಎಲೆಕ್ಟ್ರಿಕಲ್ ಮತ್ತು ಇನ್ಫರ್ಮೇಶನ್, ಗಣಿತ. ಎರಡನೇ ವರ್ಷ ಇವೇ ಕವಲೊಡೆದು ಎಂಟಾಗುತ್ತವೆ. ಪ್ರತಿ ವಿಷಯಕ್ಕೂ ‘ಎಕ್ಸಾಂಪಲ್ಸ್ ಪೇಪರ್’ ಎಂಬ ಲೆಕ್ಕಗಳ ಹಾಳೆ ಕೊಡುತ್ತಾರೆ. ಅದನ್ನು ಬಿಡಿಸಿಕೊಂಡು ಸೂಪರ್‌ವಿಷನ್‌ಗೆ ಹೋಗಬೇಕು. ಅಲ್ಲಿ ಸಾಮಾನ್ಯವಾಗಿ ಇಬ್ಬರು ವಿದ್ಯಾರ್ಥಿಗಳು, ಒಬ್ಬ ಬೋಧಕ, ಒಂದು ಗಂಟೆ. ಈ ಕೋರ್ಸಿನ ನಿಜವಾದ ಬೆಲೆ ಇರುವುದು ಈ ಒಂದು ಗಂಟೆಯಲ್ಲೇ. ನೂರಾರು ಜನರ ಉಪನ್ಯಾಸದಲ್ಲಿ ಕೇಳಲಾಗದ ಪ್ರಶ್ನೆಯನ್ನು ಇಲ್ಲಿ ಕೇಳಬಹುದು, ತಪ್ಪು ಯಾವ ಸಾಲಿನಲ್ಲಿ ಹುಟ್ಟಿತು ಎಂದು ಎದುರಿಗೇ ಕೂತು ಹುಡುಕಬಹುದು. ಆದರೆ ಒಂದು ಟರ್ಮ್ ಎಂದರೆ ಎಂಟೇ ವಾರ. ಎರಡು ಹಾಳೆ ಬಾಕಿ ಉಳಿದರೆ ಮೂರನೆಯದು ಅರ್ಥವಾಗುವುದಿಲ್ಲ. ಹಾಳೆಯಲ್ಲಿ ನಕ್ಷತ್ರ ಚಿಹ್ನೆ ಇರುವ ಲೆಕ್ಕಗಳು ಪರೀಕ್ಷೆಯ ಮಟ್ಟದವು. ಸಮಯ ಸಾಲದೆ ಇದ್ದಾಗ ಸುಲಭದವನ್ನು ಮುಗಿಸಿ ಇವನ್ನು ಬಿಡುವುದು ಸಹಜ, ಆಮೇಲೆ ಹೊಡೆತ ಬೀಳುವುದೂ ಅಲ್ಲಿಯೇ.

ಹಲವು ಶಾಖೆಗಳನ್ನು ಬೇರೆ ಬೇರೆಯಾಗಿ ಕಲಿಸಿದ ಮಾತ್ರಕ್ಕೆ ಕೋರ್ಸ್ ಅಂತರಶಿಸ್ತೀಯ, ಅಂದರೆ ಶಾಖೆಗಳನ್ನು ಬೆಸೆಯುವಂಥದ್ದು, ಆಗುವುದಿಲ್ಲ. ಅವು ಒಂದಕ್ಕೊಂದು ತಾಗುವುದು ಎರಡನೇ ವರ್ಷದ ಇಂಟಿಗ್ರೇಟೆಡ್ ಡಿಸೈನ್ ಪ್ರಾಜೆಕ್ಟಿನಲ್ಲಿ. ಒಂದು ಪುಟ್ಟ ತಂಡ ತಾನಾಗಿ ಓಡಾಡಿ ಕೆಲಸ ಮಾಡುವ ರೋಬೋ ವಾಹನವನ್ನು ಕಟ್ಟಬೇಕು. ಕೆಲವರು ಚಾಸಿಸ್ಸಿಗೆ, ಕೆಲವರು ಸರ್ಕ್ಯೂಟಿಗೆ, ಕೆಲವರು ಪ್ರೋಗ್ರಾಮಿಗೆ. ಇಂಥ ಪ್ರಾಜೆಕ್ಟುಗಳು ಕೈಕೊಡುವುದು ಬಹುತೇಕ ಈ ಭಾಗಗಳ ನಡುವಿನ ಗಡಿಯಲ್ಲಿ. ಮೋಟಾರ್ ಶುರುವಾಗುವ ಕ್ಷಣದಲ್ಲಿ ಹೆಚ್ಚು ಕರೆಂಟ್ ಎಳೆಯುತ್ತದೆ, ಪೂರೈಕೆಯ ವೋಲ್ಟೇಜ್ ಕುಸಿಯುತ್ತದೆ, ವಾಹನವನ್ನು ನಡೆಸುವ ಚಿಪ್ ಆದ ಮೈಕ್ರೋಕಂಟ್ರೋಲರ್ ರೀಸೆಟ್ ಆಗುತ್ತದೆ, ಮತ್ತು ಪ್ರೋಗ್ರಾಂ ಬರೆದವರು ಇಲ್ಲದ ಬಗ್ ಹುಡುಕುತ್ತಾ ಕೂರುತ್ತಾರೆ. ಗೆರೆ ಗುರುತಿಸುವ ಸೆನ್ಸರ್‌ನ ಮಿತಿಯನ್ನು ಬೆಳಿಗ್ಗೆ ಹೊಂದಿಸಿದರೆ ಸಂಜೆಯ ಬೆಳಕಿಗೆ ಅದು ಹೊಂದುವುದಿಲ್ಲ. ಚಾಸಿಸ್‌ನವರು ಕೊನೆಯಲ್ಲಿ ಸೇರಿಸಿದ ತೂಕಕ್ಕೆ ಚಕ್ರ ಜಾರಿ, ತಿರುವಿನ ಲೆಕ್ಕವೆಲ್ಲ ಕೆಡುತ್ತದೆ. ಮೊದಲ ವಾರದಲ್ಲೇ ಅರೆಬರೆ ವಾಹನವನ್ನಾದರೂ ಜೋಡಿಸಿ ಓಡಿಸುವ ತಂಡಕ್ಕೆ ಇವೆಲ್ಲ ಬೇಗ ಕಣ್ಣಿಗೆ ಬೀಳುತ್ತವೆ. ಉದ್ಯೋಗದಲ್ಲಿ ಸಿಸ್ಟಮ್ಸ್ ಎಂಜಿನಿಯರ್ ಮಾಡುವುದು ದೊಡ್ಡ ಪ್ರಮಾಣದಲ್ಲಿ ಇದೇ ಕೆಲಸ.

ಎಲ್ಲ ನಿರ್ಧಾರವಾಗುವುದು ಮೂರನೇ ವರ್ಷದ, ಅಂದರೆ ಪಾರ್ಟ್ 2ಎಯ, ಮಾಡ್ಯೂಲುಗಳ (ಬಿಡಿ ವಿಷಯಗಳ) ಆಯ್ಕೆಯಲ್ಲಿ. ಹತ್ತು ಮಾಡ್ಯೂಲ್ ಆರಿಸಬೇಕು. ಏರೋಸ್ಪೇಸ್, ಸಿವಿಲ್, ಬಯೋಎಂಜಿನಿಯರಿಂಗ್, ಎನರ್ಜಿ ಮುಂತಾದ ಒಂದು ಕ್ಷೇತ್ರದ ನಿಯಮಕ್ಕೆ ಅವು ಕೂಡಿಬಂದರೆ ಆ ಹೆಸರು ಸಿಗುತ್ತದೆ. ಯಾವುದಕ್ಕೂ ಕೂಡಿಬರದಿದ್ದರೆ ‘ಜನರಲ್ ಎಂಜಿನಿಯರಿಂಗ್’. ಈ ಹೆಸರಿನಲ್ಲಿ ಅವಮಾನವೇನೂ ಇಲ್ಲ, ಅದರ ಹಿಂದೆ ಒಂದು ಉದ್ದೇಶ ಇರಬೇಕು, ಅಷ್ಟೇ. ಕಂಟ್ರೋಲ್, ಮೆಕ್ಯಾನಿಕ್ಸ್, ಸಿಗ್ನಲ್ ಪ್ರೊಸೆಸಿಂಗ್ ಮತ್ತು ಬಯೋಎಂಜಿನಿಯರಿಂಗ್‌ನ ಎರಡು ಮಾಡ್ಯೂಲ್ ಸೇರಿಸಿದವರು ಕೃತಕ ಅಂಗ ತಯಾರಿಸುವ ಕಂಪನಿಗೆ ನೇರವಾಗಿ ಬೇಕಾದವರು. ಸುಲಭವೆಂದು ಹೆಸರಾದ ಹತ್ತನ್ನು ಆರಿಸಿದವರು ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ನಿಲ್ಲುತ್ತಾರೆ. ನಾಲ್ಕನೇ ವರ್ಷದ ಎಂಟು ಮಾಡ್ಯೂಲ್ ಮತ್ತು ದೊಡ್ಡ ಪ್ರಾಜೆಕ್ಟ್ ಕೂಡ ಇದೇ ಗೆರೆಯಲ್ಲಿ ಸಾಗಬೇಕು. ಬ್ರಿಟನ್ನಿನ ಚಾರ್ಟರ್ಡ್ ಎಂಜಿನಿಯರ್ ಎಂಬ ವೃತ್ತಿಪರ ದರ್ಜೆಗೆ ಯಾವ ಸಂಸ್ಥೆಯ ಮಾನ್ಯತೆ ದಕ್ಕುತ್ತದೆ ಎಂಬುದೂ ಮಾಡ್ಯೂಲುಗಳ ಮೇಲೆ ನಿಂತಿದೆ, ಆರಿಸುವ ಮುನ್ನವೇ ಆ ಪಟ್ಟಿ ನೋಡಿಕೊಳ್ಳಬೇಕು. ಮೂರನೇ ವರ್ಷ ಮುಗಿಯುವಷ್ಟರಲ್ಲಿ ಆರು ವಾರದ ಉದ್ಯಮ ಅನುಭವವೂ ಕಡ್ಡಾಯ.

ಉದ್ಯೋಗದ ದಾರಿಗಳು ರೋಬೋಟಿಕ್ಸ್, ಟರ್ಬೈನ್, ವೈದ್ಯಕೀಯ ಸಾಧನ, ವಿದ್ಯುತ್ ಜಾಲ, ಕನ್ಸಲ್ಟಿಂಗ್, ಹಣಕಾಸು, ಪಿಎಚ್‌ಡಿ ಎಂದು ಹರಡಿವೆ. ಜೆಟ್ ಎಂಜಿನ್ ರೂಪಿಸಿದ ಫ್ರಾಂಕ್ ವಿಟ್ಲ್ 1934ರಿಂದ 1936ರವರೆಗೆ ಓದಿದ್ದು ಈ ಕೋರ್ಸಿನ ಹಳೆಯ ರೂಪವನ್ನೇ. ಗಾಳಿಯ ಹರಿವು, ದಹನ, ಕಾದ ಬ್ಲೇಡಿನ ಲೋಹ, ಈ ಮೂರೂ ಒಂದೇ ತಲೆಯಲ್ಲಿ ಕೂಡಬೇಕಾದ ಯಂತ್ರ ಅದು. ಆದರೆ ಭಾರತೀಯ ಪಾಸ್‌ಪೋರ್ಟಿನವರು ಒಂದು ವಿಷಯ ತಿಳಿದಿರಬೇಕು: ಬ್ರಿಟನ್ನಿನ ರಕ್ಷಣಾ ಕ್ಷೇತ್ರದ ಅನೇಕ ಹುದ್ದೆಗಳಿಗೆ ಭದ್ರತಾ ಅನುಮತಿ ಬೇಕು, ಅದು ವಿದೇಶಿಯರಿಗೆ ಸಿಗುವುದು ಕಷ್ಟ. ಓದು ಮುಗಿದ ಮೇಲೆ ಅಲ್ಲೇ ಉಳಿದು ಕೆಲಸ ಮಾಡಲು ಕೊಡುವ ಗ್ರಾಜುಯೇಟ್ ವೀಸಾದ ಅವಧಿಯೂ 2027ರ ಜನವರಿಯಿಂದ ಸಲ್ಲಿಸುವ ಅರ್ಜಿಗಳಿಗೆ ಎರಡು ವರ್ಷದಿಂದ 18 ತಿಂಗಳಿಗೆ ಇಳಿಯುತ್ತದೆ.

ಓದಿ ಕರ್ನಾಟಕಕ್ಕೆ ಮರಳಿ ಲೋಕೋಪಯೋಗಿ ಇಲಾಖೆಯಲ್ಲೋ ಕೆಪಿಟಿಸಿಎಲ್‌ನಲ್ಲೋ ಸಹಾಯಕ ಎಂಜಿನಿಯರ್ ಆಗುವ ಆಸೆ ಇದ್ದರೆ ಈ ಕೋರ್ಸ್ ಬೇಡವೇ ಬೇಡ. ಆ ಅಧಿಸೂಚನೆಗಳು ಸಿವಿಲ್, ಎಲೆಕ್ಟ್ರಿಕಲ್ ಎಂದು ಬ್ರಾಂಚಿನ ಹೆಸರನ್ನೇ ಕೇಳುತ್ತವೆ. ಗೇಟ್ ಮೂಲಕ ನೇಮಿಸುವ ಸಾರ್ವಜನಿಕ ಉದ್ದಿಮೆಗಳೂ ಹಾಗೆಯೇ. ಕೇಂಬ್ರಿಡ್ಜ್ ಕೊಡುವುದು ಬಿ.ಎ. ಮತ್ತು ಎಂ.ಇಂಗ್. ಎಂಜಿನಿಯರ್‌ಗೆ ಬಿ.ಎ. ಹೇಗೆ ಎಂಬ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. ಮಾಡ್ಯೂಲುಗಳ ವಿವರವಿರುವ ಅಂಕಪಟ್ಟಿ ಮತ್ತು ತತ್ಸಮಾನ ಪ್ರಮಾಣಪತ್ರ ಕೈಯಲ್ಲಿರಲಿ. ಬೆಂಗಳೂರಿನ ಖಾಸಗಿ ಏರೋಸ್ಪೇಸ್, ರೋಬೋಟಿಕ್ಸ್ ಕೆಲಸಗಳಿಗೆ ಮಾತ್ರ ಕೊನೆಯ ವರ್ಷದ ಪ್ರಾಜೆಕ್ಟೇ ಒಳ್ಳೆಯ ಪರಿಚಯಪತ್ರ.

ಖರ್ಚು ದೊಡ್ಡದು. ವಿದೇಶಿ ವಿದ್ಯಾರ್ಥಿಗೆ ಬೋಧನಾ ಶುಲ್ಕವೇ ವರ್ಷಕ್ಕೆ 40,000 ಪೌಂಡಿಗೂ ಹೆಚ್ಚು, ವಿಶ್ವವಿದ್ಯಾಲಯದೊಳಗೆ ಸೇರುವ ಕಾಲೇಜಿನ ಶುಲ್ಕ ಬೇರೆ, ಊಟ-ವಸತಿ ಬೇರೆ. ನಾಲ್ಕು ವರ್ಷಕ್ಕೆ ಎರಡೂವರೆ ಕೋಟಿ ರೂಪಾಯಿಯೊಳಗೆ ಮುಗಿಸುವುದು ಕಷ್ಟ. ವಿದ್ಯಾರ್ಥಿವೇತನ ಇಲ್ಲದೆ, ಅಷ್ಟನ್ನೂ ಸಾಲ ಮಾಡಿ ಹೋಗುವುದು ನಮ್ಮ ಅಭಿಪ್ರಾಯದಲ್ಲಿ ಸರಿಯಲ್ಲ. ಇದೇ ಬಗೆಯ ಓದು ಭಾರತದಲ್ಲೇ ಬೇಕೆಂದರೆ ಐಐಟಿ ಮಂಡಿಯಲ್ಲಿ ‘ಜನರಲ್ ಎಂಜಿನಿಯರಿಂಗ್’ ಹೆಸರಿನ ಬಿ.ಟೆಕ್ ಇದೆ.

ಅರ್ಜಿಯ ಗಡುವು ಅಕ್ಟೋಬರ್ 15, ಅಂದರೆ ದ್ವಿತೀಯ ಪಿಯುಸಿ ಇನ್ನೂ ಮುಗಿಯದ ಹೊತ್ತು. ಆಕ್ಸ್‌ಫರ್ಡಿಗೂ ಅದೇ ವರ್ಷ ಅರ್ಜಿ ಹಾಕುವಂತಿಲ್ಲ. ರಾಜ್ಯ ಪಠ್ಯಕ್ರಮದವರು ತಮ್ಮ ಅಂಕಗಳನ್ನು ಒಪ್ಪುತ್ತಾರೆಯೇ ಎಂದು ಮೊದಲೇ ಕೇಂಬ್ರಿಡ್ಜ್‌ನ ಕಾಲೇಜಿಗೆ ಬರೆದು ಕೇಳಬೇಕು. ಅಕ್ಟೋಬರಿನಲ್ಲೇ ಇಸ್ಯಾಟ್ (ESAT) ಪ್ರವೇಶ ಪರೀಕ್ಷೆ: ಗಣಿತ 1, ಗಣಿತ 2, ಭೌತಶಾಸ್ತ್ರ. ಪ್ರತಿಯೊಂದರಲ್ಲೂ 40 ನಿಮಿಷಕ್ಕೆ 27 ಪ್ರಶ್ನೆ, ಕ್ಯಾಲ್ಕುಲೇಟರ್ ಇಲ್ಲ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ, ಗೊತ್ತಿಲ್ಲದ್ದನ್ನು ಖಾಲಿ ಬಿಡುವ ಜೆಇಇ ಅಭ್ಯಾಸವನ್ನು ಇಲ್ಲಿ ಬಿಟ್ಟು, ಕೊನೆಯ ಒಂದು ನಿಮಿಷವನ್ನು ಉಳಿದ ಪ್ರಶ್ನೆಗಳಿಗೆಲ್ಲ ಗುರುತು ಹಾಕಲು ಇಟ್ಟುಕೊಳ್ಳಿ.