ಸೂಪರ್‌ಹಾಟ್: ಅವಸರ ಮಾಡಿದವರು ಕೆಟ್ಟರು

ಸೂಪರ್‌ಹಾಟ್ ಎಂಬ ಕಂಪ್ಯೂಟರ್ ಆಟವನ್ನು ಬರೀ ಗುಂಡು ಹಾರಿಸುವ ಆಟ ಅಂದುಕೊಂಡು ತೆರೆದವರು ಮೊದಲ ಅರ್ಧ ಗಂಟೆ ಸತ್ತು ಸತ್ತು ಬೇಸತ್ತು ಮುಚ್ಚಿಬಿಡುತ್ತಾರೆ. ಅವಸರವೇ ಕಾರಣ. ಇಲ್ಲಿ ನೀವು ಅಲುಗಾಡಿದರೆ ಕಾಲ ಓಡುತ್ತದೆ, ನಿಂತರೆ ಗುಂಡೂ ಗಾಳಿಯಲ್ಲಿ ತೆವಳುತ್ತದೆ. ಪೂರ್ತಿ ನಿಲ್ಲುವುದಿಲ್ಲ, ಅದು ನೆನಪಿರಲಿ. ಒಂದೇ ಗುಂಡಿಗೆ ಎದುರಾಳಿಗಳೂ ಪುಡಿ, ನೀವೂ ಪುಡಿ. ಹಾಗಾಗಿ ಆಡು-ಹುಲಿ ಮಣೆಯ ಮುಂದೆ ಕೂತ ಹಾಗೆ, ಮುಂದಿನ ಮೂರು ನಡೆ ಲೆಕ್ಕ ಹಾಕಿಯೇ ಕಾಲಿಡಬೇಕು.

2013ರಲ್ಲಿ ಏಳು ದಿನದೊಳಗೆ ಶೂಟರ್ ಆಟ ಕಟ್ಟುವ ಸ್ಪರ್ಧೆಗೆಂದು ಪೋಲೆಂಡಿನ ತಂಡವೊಂದು ಮಾಡಿದ್ದು ಇದು. ಪೂರ್ಣ ಆಟ ಬಂದದ್ದು 2016ರಲ್ಲಿ. ಬಿಳಿ ಕೋಣೆ, ಎದುರಾಳಿಗಳಾಗಿ ಕೆಂಪು ಗಾಜಿನ ಆಸಾಮಿಗಳು. ಕಪ್ಪಗಿರುವುದನ್ನೆಲ್ಲ ಕೈಗೆತ್ತಿಕೊಳ್ಳಬಹುದು.

ಬರಿಗೈ, ಎದುರಿಗೆ ಪಿಸ್ತೂಲು ಹಿಡಿದ ಇಬ್ಬರು ಅಂತಿಟ್ಟುಕೊಳ್ಳಿ. ಮೇಜಿನ ಮೇಲಿನ ಬಾಟಲಿ ಎತ್ತಿ ಹತ್ತಿರದವನ ಮೇಲೆ ಎಸೆಯಿರಿ. ಅವನು ತತ್ತರಿಸಿ ಪಿಸ್ತೂಲು ಬಿಡುತ್ತಾನೆ. ಅದು ನೆಲಕ್ಕೆ ಬೀಳುವ ಮುನ್ನ ಒಂದೆರಡು ಹೆಜ್ಜೆ ಮುಂದಿಟ್ಟು ಗಾಳಿಯಲ್ಲೇ ಹಿಡಿಯಿರಿ. ದೂರದವನ ಗುಂಡು ಎಳೆದ ಕೆಂಪು ಗೆರೆ ನೋಡಿ ಪಕ್ಕಕ್ಕೆ ಸರಿಯಿರಿ. ಆಮೇಲೆ ಗುರಿ ಅವನ ಎದೆಗಲ್ಲ, ಅವನು ಮುಂದೆ ಬಂದು ನಿಲ್ಲುವ ಜಾಗಕ್ಕೆ. ಗುಂಡು ಖಾಲಿಯಾಯಿತೇ? ಪಿಸ್ತೂಲನ್ನೇ ಎಸೆಯಿರಿ.

ಎಡವುವುದು ಸಾಮಾನ್ಯವಾಗಿ ಜಿಗಿಯುವಾಗ. ಕಾಲು ನೆಲ ಮುಟ್ಟುವವರೆಗೆ ಕಾಲ ನಿಮ್ಮ ಹಿಡಿತದಲ್ಲಿರುವುದಿಲ್ಲ. ನೀವು ಗುಂಡು ಹಾರಿಸಿದ ಕೂಡಲೇ ಇನ್ನೊಂದು ಹಾರುವುದಿಲ್ಲ, ಆ ಬಿಡುವಿನಲ್ಲಿ ಕಂಬದ ಮರೆ ಸೇರಿ. ಶಾಟ್‌ಗನ್‌ನವನಿಂದ ದೂರ ನಿಂತರೆ ಚರೆಗಳ ನಡುವೆ ನುಸುಳಲು ಸಂದು ಸಿಗುತ್ತದೆ, ಹತ್ತಿರ ಸಿಗುವುದಿಲ್ಲ. ಕೆಂಪು ಆಸಾಮಿಗಳು ಪ್ರತಿ ಸಲವೂ ಅದೇ ಮೂಲೆಯಿಂದಲೇ ಬರುವುದರಿಂದ, ನಾಲ್ಕು ಸಲ ಸತ್ತವರಿಗೆ ದಾರಿ ಬಾಯಿಪಾಠ.

ಕಥೆ ಮುಗಿಯಲು ಎರಡು ಮೂರು ಗಂಟೆ ಸಾಕು. ಕೊಟ್ಟ ದುಡ್ಡಿಗೆ ಇಷ್ಟೇನಾ ಅನ್ನಿಸುವುದು ಸಹಜ. ಆದರೆ ನಿಜವಾದ ರುಚಿ ಆಮೇಲೆ ತೆರೆಯುವ ಸವಾಲುಗಳಲ್ಲಿದೆ: ಅವೇ ಹಂತಗಳು, ಈ ಸಲ ಕತ್ತಿಯೊಂದರಲ್ಲೇ ಮುಗಿಸಬೇಕು.

ಇದರ ಮುಂದಿನ ಆಟ, 2020ರ ಮೈಂಡ್ ಕಂಟ್ರೋಲ್ ಡಿಲೀಟ್, ಮೊದಲ ಆಟ ಇದ್ದವರಿಗೆ ಪುಕ್ಕಟೆ ಸಿಕ್ಕಿತು. ಆಟ ಉದ್ದ, ಆಸಾಮಿಗಳು ಎಲ್ಲಿಂದ ಬೇಕಾದರೂ ಬರುತ್ತಾರೆ. ಒಗಟಿನ ಬಿಗಿ ಸಡಿಲವಾದದ್ದು ಅಲ್ಲೇ.

ಡೌನ್‌ಲೋಡ್ ಆದ ಮೇಲೆ ನೆಟ್ ಬೇಕಿಲ್ಲ. ಮೂಡಿಗೆರೆ, ಸಕಲೇಶಪುರದ ಎಸ್ಟೇಟ್ ಮನೆಗಳಿಗೆ ಅನುಕೂಲ. ಹಂತಗಳು ಚಿಕ್ಕವು, ಮಳೆಗಾಲದಲ್ಲಿ ಕರೆಂಟ್ ಹೋದರೂ ನಷ್ಟ ಕಡಿಮೆ. ಹಳೇ ಲ್ಯಾಪ್‌ಟಾಪ್ ಮುಗ್ಗರಿಸಿದರೆ ರೆಸಲ್ಯೂಶನ್ ಇಳಿಸಿ. ಗೇಮ್‌ಪ್ಯಾಡ್‌ಗಿಂತ ಮೌಸ್ ವಾಸಿ. ಎರಡನೆಯ ಆಟದ ಕೊನೆಯಲ್ಲಿ ಮಾತ್ರ ಆಟವನ್ನು ಗಂಟೆಗಟ್ಟಲೆ ತೆರೆದಿಟ್ಟು ಕಾಯಿಸುತ್ತಾರೆ. ಬಿಡುಗಡೆಯಾದಾಗ 8 ಗಂಟೆ ಇತ್ತು, ಆಮೇಲೆ ಇಳಿಸಿದರು. ಯುಪಿಎಸ್ ಇಲ್ಲದವರು ಅದನ್ನು ಆಷಾಢದಲ್ಲಿ ಇಟ್ಟುಕೊಳ್ಳಬೇಡಿ.