ಆಮದಾರರ ಅಂಕಪಟ್ಟಿ: ಮುಂಬಯಿ ಮತದಾರನಿಗೆ ಸಿಗುವ ಎರಡು ಉಚಿತ ಸೇವೆಗಳ ವಿಮರ್ಶೆ

ಶಾಸಕರೊಬ್ಬರು (ಮರಾಠಿಯಲ್ಲಿ ಆಮದಾರರು) ಐದು ವರ್ಷ ಏನು ಮಾಡಿದರು, ಅದಕ್ಕೂ ಮೊದಲು ಏನಾಗಿದ್ದರು ಎಂಬುದನ್ನು ತಿಳಿಯಬಯಸುವ ಮುಂಬಯಿ ಮತದಾರನಿಗೆ ಈಗ ಮುಖ್ಯವಾಗಿ ಎರಡು ಸೇವೆಗಳು ಲಭ್ಯ. ಒಂದು, ಪ್ರಜಾ ಫೌಂಡೇಶನ್ 2011ರಿಂದ ಹೊರತರುತ್ತಿರುವ ಮುಂಬಯಿ ಶಾಸಕರ ರಿಪೋರ್ಟ್ ಕಾರ್ಡ್. ಇನ್ನೊಂದು, ಅಸೋಸಿಯೇಶನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್, ಅಂದರೆ ಎಡಿಆರ್, ನಡೆಸುವ ‘ಮೈನೇತಾ’ ಜಾಲತಾಣ. ಎರಡಕ್ಕೂ ಹಣ ಕೊಡಬೇಕಾಗಿಲ್ಲ. 2024ರ ನವೆಂಬರ್ 20ರ ವಿಧಾನಸಭಾ ಮತದಾನಕ್ಕೆ ಮುನ್ನ ಇವೆರಡನ್ನೂ ಸಾಕಷ್ಟು ಬಳಸಿ, ಆ ಮೇಲೂ ಆಗಾಗ ತಿರುವಿ ನೋಡುತ್ತ ಬಂದಿರುವ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಸದನದೊಳಗಿನ ಕೆಲಸವನ್ನು ಅಳೆಯುವುದರಲ್ಲಿ ರಿಪೋರ್ಟ್ ಕಾರ್ಡ್ ನಂಬಿಕೆಗೆ ಅರ್ಹವಾದದ್ದು, ಆದರೆ ಶಾಸಕರ ಭವಿಷ್ಯ ನಿರ್ಧಾರವಾಗುವ ಜಾಗಗಳು ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಮಹಾರಾಷ್ಟ್ರ ವಿಧಾನಸಭೆಯ 288 ಸ್ಥಾನಗಳ ಪೈಕಿ ಮುಂಬಯಿಯ ಪಾಲು 36. ಹತ್ತು ಶಹರದಲ್ಲಿ, ಇಪ್ಪತ್ತಾರು ಉಪನಗರದಲ್ಲಿ. ಈ ಕ್ಷೇತ್ರಗಳ ಶಾಸಕರು ಅಧಿವೇಶನಕ್ಕೆ ಎಷ್ಟು ದಿನ ಹಾಜರಾದರು, ತಾರಾಂಕಿತ (ಚುಕ್ಕೆ ಗುರುತಿನ) ಪ್ರಶ್ನೆ, ಲಕ್ಷವೇಧಿ (ಗಮನ ಸೆಳೆಯುವ) ಸೂಚನೆ ಮೊದಲಾದ ಸಾಧನಗಳನ್ನು ಬಳಸಿ ಎಷ್ಟು ವಿಷಯಗಳನ್ನು ಎತ್ತಿದರು ಎಂಬ ಮಾಹಿತಿಯನ್ನು ಪ್ರಜಾ ಸಂಸ್ಥೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಸಂಗ್ರಹಿಸುತ್ತದೆ. ಪ್ರಶ್ನೆಗಳ ಸಂಖ್ಯೆಯನ್ನು ಮಾತ್ರ ಎಣಿಸದೆ ವಿಷಯದ ಮಹತ್ವಕ್ಕೆ ತಕ್ಕಂತೆ ತೂಕವನ್ನೂ ಕೊಡುತ್ತದೆ. ಅದರೊಂದಿಗೆ ಶಾಸಕರ ಮೇಲಿರುವ ಕ್ರಿಮಿನಲ್ ಮೊಕದ್ದಮೆಗಳನ್ನು ಗಣನೆಗೆ ತೆಗೆದುಕೊಂಡು, ಕ್ಷೇತ್ರದ ಮನೆಗಳಲ್ಲಿ ಸಮೀಕ್ಷೆ ನಡೆಸಿ ಜನರ ಅನಿಸಿಕೆಯನ್ನೂ ಸೇರಿಸಿ, ನೂರಕ್ಕೆ ಇಷ್ಟೆಂದು ಅಂಕ ನೀಡಿ ಶ್ರೇಯಾಂಕ ಪ್ರಕಟಿಸುತ್ತದೆ. ಪತ್ರಿಕೆಗಳಲ್ಲಿ ಸುದ್ದಿಯಾಗುವುದು ಈ ಶ್ರೇಯಾಂಕ. ಆದರೆ ಓದಲೇಬೇಕಾದ ಭಾಗ ಅದಲ್ಲ. ವಸತಿ, ಆರೋಗ್ಯ, ಶಿಕ್ಷಣ, ಅಪರಾಧ ಹೀಗೆ ವಿಷಯವಾರು ವಿಂಗಡಿಸಿದ ಪ್ರಶ್ನೆಗಳ ಪಟ್ಟಿಯನ್ನು ನೋಡಿದರೆ ನಮ್ಮ ಶಾಸಕರ ಆಸಕ್ತಿ ಎಲ್ಲಿದೆ, ಮೌನ ಎಲ್ಲಿದೆ ಎಂಬುದು ತಾನಾಗಿ ಗೊತ್ತಾಗುತ್ತದೆ. ಪುನರ್ವಸತಿ ಯೋಜನೆಗಳು ದಶಕಗಟ್ಟಲೆ ಕುಂಟುವ ಕ್ಷೇತ್ರದಿಂದ ಗೆದ್ದವರು ವಸತಿಯ ಬಗ್ಗೆ ಎಷ್ಟು ಸಲ ಬಾಯಿಬಿಟ್ಟರು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಸಾಮಾನ್ಯ ಓದುಗನಿಗೆ ಸಿಗುವುದು ಕಷ್ಟ.

ಮುಂಬಯಿಯ ಕನ್ನಡಿಗರಾದ ನಮಗೆ ಈ ಭಾಗ ಇನ್ನಷ್ಟು ಅಗತ್ಯವೆಂದು ನನಗೆ ತೋರುತ್ತದೆ. ನಾವು ಶಾಸಕರನ್ನು ಹತ್ತಿರದಿಂದ ಕಾಣುವುದು ಹೆಚ್ಚಾಗಿ ಸಂಘಗಳ ವೇದಿಕೆಯಲ್ಲಿ. ವಾರ್ಷಿಕೋತ್ಸವಕ್ಕೆ ಬಂದು ದೀಪ ಬೆಳಗಿ, ಶಾಲು ಹೊದಿಸಿಕೊಂಡು, ಕನ್ನಡದಲ್ಲೋ ತುಳುವಿನಲ್ಲೋ ಎರಡು ವಾಕ್ಯ ಆಡಿದರೆ ಸಭಾಗೃಹ ಚಪ್ಪಾಳೆಯಿಂದ ತುಂಬುತ್ತದೆ. ಮರುದಿನ ನಮ್ಮ ಪತ್ರಿಕೆಗಳಲ್ಲಿ ಭಾವಚಿತ್ರ ಬರುತ್ತದೆ. ಆ ಎರಡು ವಾಕ್ಯಗಳಿಗೆ ರಿಪೋರ್ಟ್ ಕಾರ್ಡಿನಲ್ಲಿ ಅಂಕವಿಲ್ಲ ಎಂಬುದೇ ಅದರ ದೊಡ್ಡ ಗುಣ.

ಇನ್ನು ಕೊರತೆಗಳ ಮಾತು. ಸಚಿವರು ಮತ್ತು ಸಭಾಧ್ಯಕ್ಷರು ಪ್ರಶ್ನೆ ಕೇಳುವ ಸ್ಥಾನದಲ್ಲಿರುವುದಿಲ್ಲವಾದ್ದರಿಂದ ಅವರನ್ನು ಶ್ರೇಯಾಂಕದಿಂದ ಹೊರಗಿಡಲಾಗುತ್ತದೆ. ಕಾರಣ ಸರಿಯಾದದ್ದೇ, ಆದರೆ ಪರಿಣಾಮ ವಿಚಿತ್ರ: ಅಧಿಕಾರ ಹೆಚ್ಚಿದಷ್ಟೂ ಪರಿಶೀಲನೆ ಕಡಿಮೆಯಾಗುತ್ತದೆ. ಕೊಲಾಬಾದ ಮತದಾರನನ್ನೇ ತೆಗೆದುಕೊಳ್ಳೋಣ. ಅಲ್ಲಿಂದ 2019ರಲ್ಲಿ ಆಯ್ಕೆಯಾದ ರಾಹುಲ್ ನಾರ್ವೇಕರ್ 2022ರ ಜುಲೈಯಲ್ಲಿ ಸಭಾಧ್ಯಕ್ಷರಾದರು. ಶಿವಸೇನೆಯಲ್ಲಿ ಆರಂಭಿಸಿ, ಎನ್‌ಸಿಪಿಯ ಮೂಲಕ ಹಾದು, ಬಿಜೆಪಿಗೆ ಬಂದವರು ಅವರು. ಶಿವಸೇನೆಯ ಒಡಕಿನ ಬಳಿಕ ಬಂದ ಅನರ್ಹತೆಯ ಅರ್ಜಿಗಳ ಮೇಲೆ 2024ರ ಜನವರಿ 10ರಂದು ತೀರ್ಪು ನೀಡಿದವರೂ ಅವರೇ. ರಾಜ್ಯದ ರಾಜಕಾರಣದಲ್ಲಿ ಇಷ್ಟು ಪ್ರಭಾವ ಬೀರಿದ ನಿರ್ಧಾರದ ಹಿಂದಿನ ವ್ಯಕ್ತಿಯ ಬಗ್ಗೆ ಸ್ವಂತ ಕ್ಷೇತ್ರದ ಮತದಾರನಿಗೆ ಅಂಕಪಟ್ಟಿ ಕೊಡುವುದು ಖಾಲಿ ಸಾಲನ್ನು. ಪ್ರಶ್ನೆಗಳ ಬದಲು ಇಲಾಖೆಯ ಕೆಲಸವನ್ನೋ ಸದನ ನಡೆಸಿದ ರೀತಿಯನ್ನೋ ಅಳೆಯುವ ಪ್ರತ್ಯೇಕ ಪುಟವನ್ನು ಇಂಥವರಿಗಾಗಿ ಸೇರಿಸುವುದು ಅಸಾಧ್ಯವೇನಲ್ಲ.

ಹಾಜರಾತಿಯ ಅಂಕವನ್ನೂ ಎಚ್ಚರಿಕೆಯಿಂದ ಓದಬೇಕು. ವರ್ಷಕ್ಕೆ ಮೂರು ಅಧಿವೇಶನ, ಅದರಲ್ಲಿ ಚಳಿಗಾಲದ್ದು ನಾಗಪುರದಲ್ಲಿ ಎಂಬುದು ರೂಢಿ. ಕೋವಿಡ್ ಕಾಲದಲ್ಲಿ 2020ರ ಮಳೆಗಾಲದ ಅಧಿವೇಶನ, ಆ ವರ್ಷದ ಚಳಿಗಾಲದ್ದು, 2021ರ ಮಳೆಗಾಲದ್ದು, ಈ ಮೂರೂ ತಲಾ ಎರಡೇ ದಿನಗಳಲ್ಲಿ ಮುಗಿದವು. ಎರಡು ದಿನದ ಅಧಿವೇಶನಕ್ಕೆ ಎರಡೂ ದಿನ ಬಂದವರದು ಪೂರ್ಣ ಹಾಜರಾತಿ ಎನ್ನಬಹುದು, ಆದರೆ ಅಂಥ ಪೂರ್ಣತೆಯಿಂದ ಯಾರಿಗೆ ಏನು ಲಾಭ? ಕುರ್ಚಿ ಖಾಲಿಯಿದ್ದರೆ ಅದಕ್ಕೆ ಕಾರಣವೇನೆಂಬುದನ್ನೂ ಸಂಖ್ಯೆ ಹೇಳುವುದಿಲ್ಲ. 2021ರ ಜುಲೈ 5ರಂದು ಬಿಜೆಪಿಯ ಹನ್ನೆರಡು ಶಾಸಕರನ್ನು ಒಂದು ವರ್ಷದ ಮಟ್ಟಿಗೆ ಅಮಾನತು ಮಾಡಲಾಯಿತು. ಮುಂಬಯಿಯ ಆಶಿಷ್ ಶೇಲಾರ್, ಅತುಲ್ ಭಾತಖಳಕರ್, ಪರಾಗ್ ಅಳವಣಿ, ಯೋಗೇಶ್ ಸಾಗರ್ ಆ ಪಟ್ಟಿಯಲ್ಲಿದ್ದರು. 2022ರ ಜನವರಿ 28ರಂದು ಸುಪ್ರೀಂ ಕೋರ್ಟ್ ಆ ಅಮಾನತನ್ನು ಅಸಾಂವಿಧಾನಿಕವೆಂದು ರದ್ದುಪಡಿಸಿತು. ಸೋಮಾರಿತನದ ಗೈರುಹಾಜರಿಯನ್ನೂ ಸದನದ ಬಾಗಿಲನ್ನೇ ಮುಚ್ಚಿದ್ದರಿಂದಾದ ಗೈರುಹಾಜರಿಯನ್ನೂ ಒಂದೇ ಅಂಕಣದಲ್ಲಿ ಓದುವವರು ಈ ಹಿನ್ನೆಲೆಯನ್ನು ತಾವೇ ನೆನಪಿಟ್ಟುಕೊಳ್ಳಬೇಕು.

ಜನಾಭಿಪ್ರಾಯದ ಸಮೀಕ್ಷೆಗೆ ಇನ್ನೊಂದು ತೊಡಕಿದೆ. 2022ರ ಮಾರ್ಚ್‌ನಲ್ಲಿ ಮಹಾನಗರಪಾಲಿಕೆಯ ಅವಧಿ ಮುಗಿದು ಆಡಳಿತಾಧಿಕಾರಿಯ ಕೈಗೆ ಕಾರುಬಾರು ಹೋದ ಮೇಲೆ, ವರ್ಷಗಟ್ಟಲೆ ನಗರಸೇವಕರೇ, ಅಂದರೆ ಪಾಲಿಕೆಯ ಚುನಾಯಿತ ಸದಸ್ಯರೇ, ಇಲ್ಲದೆ, ಗಟಾರ, ನೀರು, ಕಸದ ದೂರುಗಳೆಲ್ಲ ಶಾಸಕರ ಕಚೇರಿಗೆ ಹೋದವು. ಗಟಾರ ತುಂಬಿದ ಸಿಟ್ಟಿನಲ್ಲಿರುವ ಮನೆಯವರನ್ನು ಶಾಸಕರ ಕುರಿತು ಕೇಳಿದರೆ ಬರುವ ಉತ್ತರದಲ್ಲಿ ಪಾಲಿಕೆಯ ಪಾಲೆಷ್ಟು, ಶಾಸಕರ ಪಾಲೆಷ್ಟು ಎಂದು ಬಿಡಿಸುವುದು ಹೇಗೆ?

ಈ ಸೇವೆಯ ಮಿತಿಯನ್ನು ಒಂದೇ ಕ್ಷೇತ್ರದಲ್ಲಿ ಕಾಣಬೇಕಾದರೆ ಬೋರಿವಲಿಯನ್ನು ನೋಡಬೇಕು. ಕರಾವಳಿಯ ಮೂಲದ ಗೋಪಾಲ ಶೆಟ್ಟಿಯವರ ರಾಜಕೀಯ ಬದುಕು ನಮ್ಮವರಿಗೆಲ್ಲ ಪರಿಚಿತ. ನಗರಸೇವಕರಾಗಿ ಆರಂಭಿಸಿ, 2004ರಲ್ಲಿ ಮತ್ತು 2009ರಲ್ಲಿ ಬೋರಿವಲಿಯಿಂದ ವಿಧಾನಸಭೆಗೆ ಗೆದ್ದು, 2014 ಮತ್ತು 2019ರಲ್ಲಿ ಉತ್ತರ ಮುಂಬಯಿಯಿಂದ ನಾಲ್ಕು ಲಕ್ಷಕ್ಕೂ ಮೀರಿದ ಅಂತರದಲ್ಲಿ ಲೋಕಸಭೆಗೆ ಹೋದವರು ಅವರು. ರಿಪೋರ್ಟ್ ಕಾರ್ಡ್ ಆರಂಭವಾದದ್ದು 2011ರಲ್ಲಿ. ಹಾಗಾಗಿ ಈ ದೀರ್ಘ ಪಯಣದಲ್ಲಿ ಅದು ಹಿಡಿಯಬಲ್ಲದ್ದು ಶಾಸಕರಾಗಿದ್ದ ಕೊನೆಯ ಕೆಲವು ವರ್ಷಗಳನ್ನು ಮಾತ್ರ. ವಾರ್ಡ್ ಮಟ್ಟದಲ್ಲಿ ಕಟ್ಟಿದ ಸಂಪರ್ಕ, ಉದ್ಯಾನಗಳಂಥ ಕಣ್ಣಿಗೆ ಕಾಣುವ ಕೆಲಸ, ಕಾರ್ಯಕರ್ತರ ಪಡೆ, ಇವು ಯಾವ ಅಧಿವೇಶನದ ದಾಖಲೆಯಲ್ಲೂ ಇರುವುದಿಲ್ಲ; ಅವರನ್ನು ಗೆಲ್ಲಿಸಿದ್ದು ಮುಖ್ಯವಾಗಿ ಇವೇ ಎಂದು ಉತ್ತರ ಮುಂಬಯಿಯನ್ನು ಬಲ್ಲವರು ಯಾರಾದರೂ ಹೇಳುತ್ತಾರೆ. 2024ರಲ್ಲಿ ಅವರ ಪಕ್ಷ ಬಿಜೆಪಿ ಲೋಕಸಭೆಯ ಟಿಕೆಟನ್ನು ಪೀಯೂಷ್ ಗೋಯಲ್ ಅವರಿಗೆ ಕೊಟ್ಟಿತು. ಅದೇ ವರ್ಷ ವಿಧಾನಸಭೆಗೆ ಬೋರಿವಲಿಯಿಂದ ಸಂಜಯ್ ಉಪಾಧ್ಯಾಯರನ್ನು ಪಕ್ಷ ಹೆಸರಿಸಿದಾಗ ಶೆಟ್ಟಿಯವರು ಪಕ್ಷೇತರರಾಗಿ ನಾಮಪತ್ರ ಸಲ್ಲಿಸಿ, ನವೆಂಬರ್ 4ರಂದು ಹಿಂದೆಗೆದುಕೊಂಡರು. ಹೊರಗಿನವರನ್ನು ತಂದು ನಿಲ್ಲಿಸುವುದಕ್ಕೆ ಬೋರಿವಲಿ ಧರ್ಮಛತ್ರವಲ್ಲ ಎಂಬ ಅಸಮಾಧಾನ ಆಗ ಬಹಿರಂಗವಾಗಿಯೇ ಕೇಳಿಬಂದಿತ್ತು.

ಶೆಟ್ಟಿಯವರ ನಂತರದ ಕಥೆ ಇನ್ನೂ ಕುತೂಹಲಕರ. 2014ರಲ್ಲಿ ಗೆದ್ದ ವಿನೋದ್ ತಾವಡೆ ಸಚಿವರಾದರು, ಆದ್ದರಿಂದ ಶ್ರೇಯಾಂಕದ ಹೊರಗೆ. 2019ರಲ್ಲಿ ಅವರಿಗೆ ಟಿಕೆಟ್ ಸಿಗಲಿಲ್ಲ. ಆಗ ಗೆದ್ದ ಸುನಿಲ್ ರಾಣೆಯವರಿಗೆ 2024ರಲ್ಲಿ ಸಿಗಲಿಲ್ಲ. ಮೂರು ಚುನಾವಣೆ, ಒಂದೇ ಪಕ್ಷ, ಮೂವರು ಅಭ್ಯರ್ಥಿಗಳು, ಮೂವರಿಗೂ ಗೆಲುವು. ಹಾಲಿ ಶಾಸಕರ ಅಂಕಗಳನ್ನು ಶ್ರದ್ಧೆಯಿಂದ ಓದಿಕೊಂಡು ಮತಗಟ್ಟೆಗೆ ಹೋದ ಬೋರಿವಲಿಯ ಮತದಾರನಿಗೆ ಮತಯಂತ್ರದಲ್ಲಿ ಆ ಹೆಸರೇ ಇರಲಿಲ್ಲ. ಒಳ್ಳೆಯ ಅಂಕ ಬಂದವರಿಗೆ ಟಿಕೆಟ್ ಕೊಡಬೇಕೆಂಬ ನಿಯಮವೇನೂ ಪಕ್ಷಗಳಿಗಿಲ್ಲ. ಕೊಡದಿದ್ದರೆ ಕಾರಣ ಹೇಳಬೇಕೆಂಬ ನಿಯಮವೂ ಇಲ್ಲ. ಪಕ್ಷದ ಗಟ್ಟಿ ನೆಲೆಯಾಗಿರುವ ಕ್ಷೇತ್ರಗಳಲ್ಲಿ ಶಾಸಕರು ಲೆಕ್ಕ ಒಪ್ಪಿಸುವುದು ಟಿಕೆಟ್ ಹಂಚುವವರಿಗೆ, ಮತ್ತು ಆ ಹಂಚಿಕೆಗೆ ಯಾವ ಅಂಕಪಟ್ಟಿಯೂ ಬೇಕಾಗಿಲ್ಲ.

ಹಾಗೆಂದು ಅಂಕಕ್ಕೂ ಗೆಲುವಿಗೂ ಸಂಬಂಧವೇ ಇಲ್ಲವೆಂದು ತೀರ್ಮಾನಿಸಬಾರದು. ಮುಂಬಾದೇವಿಯ ಕಾಂಗ್ರೆಸ್ ಶಾಸಕ ಅಮೀನ್ ಪಟೇಲ್ ಪ್ರಜಾದ ಶ್ರೇಯಾಂಕದಲ್ಲಿ ಹಲವು ಬಾರಿ ಅಗ್ರಸ್ಥಾನದಲ್ಲಿದ್ದವರು. 2009ರಿಂದ 2024ರವರೆಗಿನ ನಾಲ್ಕು ಚುನಾವಣೆಗಳನ್ನೂ ಗೆದ್ದಿದ್ದಾರೆ, ಅವರ ಪಕ್ಷ ರಾಜ್ಯದಲ್ಲಿ ನೆಲಕಚ್ಚಿದ ವರ್ಷಗಳಲ್ಲೂ. ಕ್ಷೇತ್ರದ ಮತದಾರರ ಸಂಯೋಜನೆಯೂ ಅದಕ್ಕೆ ನೆರವಾಗಿದೆ ಎನ್ನುವವರಿದ್ದಾರೆ. ಇರಬಹುದು, ಆದರೆ ಪ್ರಶ್ನೆ ಕೇಳುವ ಶ್ರಮವನ್ನು ಸಂಯೋಜನೆ ಮಾಡಿಕೊಡುವುದಿಲ್ಲ.

ಎಡಿಆರ್‌ನ ಮೈನೇತಾ ಬೇರೆಯದೇ ಬಗೆಯ ಸೇವೆ. ಅಹಮದಾಬಾದಿನ ಐಐಎಂನ ಪ್ರಾಧ್ಯಾಪಕರು 1999ರಲ್ಲಿ ಹೂಡಿದ ದಾವೆಯ ಫಲವಾಗಿ, 2002ರ ಮೇ 2ರ ಮತ್ತು 2003ರ ಮಾರ್ಚ್ 13ರ ಸುಪ್ರೀಂ ಕೋರ್ಟ್ ತೀರ್ಪುಗಳು ಅಭ್ಯರ್ಥಿಗಳು ತಮ್ಮ ಆಸ್ತಿ, ಸಾಲ, ಶಿಕ್ಷಣ, ಮೊಕದ್ದಮೆಗಳನ್ನು ಪ್ರಮಾಣಪತ್ರದಲ್ಲಿ ಘೋಷಿಸುವುದನ್ನು ಕಡ್ಡಾಯಗೊಳಿಸಿದವು. ಚುನಾವಣಾ ಆಯೋಗದ ತಾಣದಲ್ಲಿ ಈ ಪ್ರಮಾಣಪತ್ರಗಳ ಸ್ಕ್ಯಾನ್ ಪ್ರತಿಗಳು ಸಿಗುತ್ತವೆ, ಕೆಲವು ಕೈಬರಹದಲ್ಲಿ, ಕೆಲವು ಮಸುಕಾದ ಮರಾಠಿ ಅಚ್ಚಿನಲ್ಲಿ. ಮೈನೇತಾ ಅವನ್ನೆಲ್ಲ ಕೋಷ್ಟಕಕ್ಕೆ ಇಳಿಸಿ, ಹುಡುಕಲು ಬರುವಂತೆ ಮಾಡಿದೆ. ಒಬ್ಬರೇ ಶಾಸಕರು ಬೇರೆಬೇರೆ ಚುನಾವಣೆಗಳಲ್ಲಿ ಸಲ್ಲಿಸಿದ ಘೋಷಣೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ಸೌಲಭ್ಯ ಇದರ ಜೀವಾಳ. ಪಕ್ಷ ಬದಲಾಯಿಸಿದ್ದು, ಉದ್ಯೋಗದ ಅಂಕಣದಲ್ಲಿ ‘ಸಮಾಜಸೇವೆ’ ಎಂದಿದ್ದದ್ದು ‘ವ್ಯಾಪಾರ’ವಾದದ್ದು, ಸಂಗಾತಿಯ ಹೆಸರಿನಲ್ಲಿ ಹೊಸ ಆಸ್ತಿ ಕಾಣಿಸಿಕೊಂಡದ್ದು, ಇಂಥ ಬದಲಾವಣೆಗಳು ಐದೈದು ವರ್ಷಗಳ ಅಂತರದಲ್ಲಿ ಎದ್ದು ಕಾಣುತ್ತವೆ. ರಿಪೋರ್ಟ್ ಕಾರ್ಡ್ ಕೊಡಲಾರದ ಬದುಕಿನ ಉದ್ದಗಲ ಇಲ್ಲಿ ಸಿಗುತ್ತದೆ.

ಓದುವಾಗ ಎರಡು ಎಚ್ಚರಿಕೆ ಬೇಕು. ಆಸ್ತಿಯ ಮೊತ್ತ ಅಭ್ಯರ್ಥಿಯೇ ಬರೆದುಕೊಟ್ಟದ್ದು. ಮುಂಬಯಿಯಲ್ಲಿ ಹಳೆಯ ಫ್ಲ್ಯಾಟೊಂದರ ಬೆಲೆ ಏರಿದರೂ ಸಂಪತ್ತು ‘ಇಮ್ಮಡಿ’ಯಾಗಿ ಕಾಣುತ್ತದೆ, ಆದ್ದರಿಂದ ಶೇಕಡಾವಾರು ಏರಿಕೆಗಿಂತ ಹೊಸದಾಗಿ ಸೇರಿದ ಆಸ್ತಿ ಯಾವುದು ಎಂದು ನೋಡುವುದು ಹೆಚ್ಚು ಉಪಯುಕ್ತ. ಆದಾಯದ ಮೂಲವನ್ನೂ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದ ಮೇಲೆ ಪ್ರಮಾಣಪತ್ರದ ನಮೂನೆ 26 ಮೊದಲಿಗಿಂತ ಸುಧಾರಿಸಿದೆ. ಇನ್ನು ಮೊಕದ್ದಮೆಗಳ ಸಂಖ್ಯೆ: ಮೋರ್ಚಾ, ರಸ್ತಾ ರೋಕೋಗಳ ಕೇಸು ಮುಂಬಯಿ ರಾಜಕಾರಣಿಗೆ ಸಾಮಾನ್ಯ, ಬಾಕಿಯಿರುವ ಕೇಸು ಅಪರಾಧ ಸಾಬೀತಾದಂತೆ ಅಲ್ಲ. ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯಾದರೆ ಸದಸ್ಯತ್ವ ತಕ್ಷಣ ಹೋಗುತ್ತದೆ ಎಂಬುದು 2013ರ ಲಿಲಿ ಥಾಮಸ್ ತೀರ್ಪಿನ ನಂತರದ ಸ್ಥಿತಿ. ತಾಣ ಗಂಭೀರ ಆರೋಪಗಳನ್ನು ಬೇರೆಯಾಗಿ ಗುರುತಿಸುತ್ತದೆಯಾದರೂ ಕಲಮುಗಳನ್ನು ಒಂದೊಂದಾಗಿ ಓದುವುದೇ ಲೇಸು. ಪುಟಗಳ ವಿನ್ಯಾಸ ಮಾತ್ರ ಹಳೆಯ ಕಾಲದ್ದು. ಮೊಬೈಲಿನಲ್ಲಿ ಉದ್ದನೆಯ ಕೋಷ್ಟಕಗಳನ್ನು ಓದುವುದು ಹಿರಿಯರಿಗೆ ಪ್ರಯಾಸವೇ.

ಭಾಷೆಯ ವಿಷಯದಲ್ಲಿ ಎರಡೂ ಸೇವೆಗಳು ನಮ್ಮ ಪಾಲಿಗೆ ಸಮಾನವಾಗಿ ದೂರ. ಕನ್ನಡದಲ್ಲಿ ಇವಿಲ್ಲ. ಮಹಾನಗರದಲ್ಲಿ ಕನ್ನಡ ಪತ್ರಿಕೆಗಳಿವೆ, 1926ರಲ್ಲಿ ಹುಟ್ಟಿದ ಮಾಟುಂಗದ ಮೈಸೂರು ಅಸೋಸಿಯೇಶನ್‌ನಿಂದ ಹಿಡಿದು ಹತ್ತಾರು ಸಂಸ್ಥೆಗಳಿವೆ, ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವಿದೆ. ಕನ್ನಡಿಗರು ಹೆಚ್ಚಾಗಿರುವ ಆರೇಳು ಕ್ಷೇತ್ರಗಳ ಪುಟಗಳನ್ನಾದರೂ ವರ್ಷಕ್ಕೊಮ್ಮೆ ಅನುವಾದಿಸುವುದು ಇವರಲ್ಲಿ ಯಾರಿಗೂ ಹೊರೆಯಾಗದು.

ರಿಪೋರ್ಟ್ ಕಾರ್ಡಿನ ಗಡಿ ಇನ್ನೂ ಒಂದು ಕಡೆ ನಮ್ಮನ್ನು ಬಿಟ್ಟುಹೋಗುತ್ತದೆ. ಅದು ದಹಿಸರ್ ಮತ್ತು ಮುಲುಂಡಿನಲ್ಲಿ ನಿಲ್ಲುತ್ತದೆ, ಆದರೆ ಮನೆ ಬಾಡಿಗೆಯ ಒತ್ತಡಕ್ಕೆ ನಮ್ಮವರಲ್ಲಿ ಬಹಳಷ್ಟು ಮಂದಿ ಈಗಾಗಲೇ ಮೀರಾರೋಡ್, ವಸಾಯಿ, ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಿಗೆ ಹೋಗಿ ನೆಲೆಸಿದ್ದಾರೆ. ಆ ಊರುಗಳ ಶಾಸಕರ ಸದನದ ಕೆಲಸವನ್ನು ತಿಳಿಯಬಯಸುವವರು ವಿಧಾನಮಂಡಲದ ಮರಾಠಿ ಕಲಾಪಗಳನ್ನೇ ನೇರವಾಗಿ ಓದಬೇಕು ಅಥವಾ ತಾವೇ ಮಾಹಿತಿ ಹಕ್ಕಿನ ಅರ್ಜಿ ಹಾಕಬೇಕು. ಪ್ರಮಾಣಪತ್ರಗಳ ಮಟ್ಟಿಗೆ ಮೈನೇತಾ 288 ಕ್ಷೇತ್ರಗಳನ್ನೂ ಒಳಗೊಂಡಿದೆ. ಡೊಂಬಿವಲಿಯವರು ಅಲ್ಲಿಂದ ಆರಂಭಿಸಬಹುದು, ಮುಂಬಯಿಯೊಳಗಿನವರು ಪ್ರಜಾದ ಪ್ರಶ್ನೆಗಳ ಪಟ್ಟಿಯನ್ನು ಮೊದಲು ಓದಿ ಆಮೇಲೆ ಅಲ್ಲಿಗೆ ಹೋಗಬಹುದು.