ಮೊದಲು ಯಾರ ಜೇಬಿಗೆ ಕತ್ತರಿ? ಬಾಡಿಗೆ ಕಾರಿನ ವಿಮೆಯನ್ನು ಮೂರು ದಾರಿಯಲ್ಲಿ ಕೊಂಡು ನೋಡಿದ್ದು

ಮೂರು ವಿದೇಶ ಪ್ರವಾಸಗಳಲ್ಲಿ ಮೂರು ಬಾಡಿಗೆ ಕಾರು ಓಡಿಸಿದ್ದೇನೆ. ಮೂರಕ್ಕೂ ಬೇರೆ ಬೇರೆ ಬಗೆಯ ವಿಮೆ. ಬೇಕೆಂದೇ ಮಾಡಿದ ಪ್ರಯೋಗವೇನಲ್ಲ. ಹಿಂದಿನ ಸಲದ ತಪ್ಪು ತಿದ್ದಿಕೊಳ್ಳಲು ಹೋಗಿ ಪ್ರತಿ ಸಲವೂ ಹೊಸದೊಂದು ತಪ್ಪು ಮಾಡಿದೆ, ಅಷ್ಟೆ.

ಮೊದಲೇ ಗೊತ್ತಿದ್ದರೆ ಚೆನ್ನಾಗಿತ್ತು ಅನ್ನಿಸುವ ಸಂಗತಿ ಒಂದಿದೆ. ಬಹಳ ಕಡೆ ಬಾಡಿಗೆಯ ಜೊತೆಗೇ ಬರುವ ‘ಸಿಡಿಡಬ್ಲ್ಯೂ’ವನ್ನು (ಕೊಲಿಷನ್ ಡ್ಯಾಮೇಜ್ ವೇವರ್) ಎಲ್ಲರೂ ವಿಮೆ ಅಂತಲೇ ಕರೆಯುತ್ತಾರೆ. ನಿಜಕ್ಕೂ ಅದು ಕಂಪನಿ ಕೊಡುವ ರಿಯಾಯಿತಿ: ಕಾರು ಜಖಂ ಆದರೆ ಇಂತಿಷ್ಟು ಮೊತ್ತದವರೆಗೆ ನೀವು ಕಟ್ಟಿ, ಅದಕ್ಕಿಂತ ಮೇಲಿನದ್ದನ್ನು ನಾವು ಕೇಳುವುದಿಲ್ಲ ಎಂಬ ಮಾತು. ಆ ‘ಇಂತಿಷ್ಟು’ ಅನ್ನುವುದೇ ಎಕ್ಸೆಸ್. ಕಾರು ಕೈಗೆ ಕೊಡುವಾಗ ಅಷ್ಟು ಹಣವನ್ನು ನಿಮ್ಮ ಕ್ರೆಡಿಟ್ ಕಾರ್ಡಿನಲ್ಲಿ ತಡೆಹಿಡಿಯುತ್ತಾರೆ. ಮಾರಾಟಕ್ಕಿರುವ ಬಗೆಬಗೆಯ ‘ಫುಲ್ ಕವರ್’ಗಳೆಲ್ಲ ಹುಟ್ಟಿರುವುದು ಈ ಎಕ್ಸೆಸ್ಸಿನ ಭಯದ ಮೇಲೆ. ಎದುರಿನವರಿಗೆ ಆಗುವ ಹಾನಿಯ ವಿಮೆ, ಅಂದರೆ ಥರ್ಡ್ ಪಾರ್ಟಿ, ಬೇರೆಯೇ ಲೆಕ್ಕ. ಯುರೋಪಿನಲ್ಲಿ ಕಾನೂನಿನಂತೆ ಅದು ಬಾಡಿಗೆಯಲ್ಲೇ ಸೇರಿರುತ್ತದೆ. ಅಮೆರಿಕದಲ್ಲಿ ಕನಿಷ್ಠ ಮೊತ್ತ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಬಹಳ ಕಡೆ ತೀರಾ ಕಡಿಮೆ. ಅಲ್ಲಿ ಓಡಿಸುವವರು ಇದನ್ನು ಮೊದಲು ವಿಚಾರಿಸಿ, ಗೀರು ತರಚಿನ ಚಿಂತೆ ಆಮೇಲೆ.

ಮೊದಲ ಪ್ರವಾಸದಲ್ಲಿ ಈ ‘ಫುಲ್ ಕವರ್’ ಅನ್ನು ಬಾಡಿಗೆ ಕಂಪನಿಯ ಕೌಂಟರಿನಲ್ಲೇ ಕೊಂಡೆ. ರಾತ್ರಿ ಹನ್ನೊಂದಕ್ಕೆ ವಿಮಾನ ಇಳಿದಿದ್ದು, ಕಣ್ಣು ಎಳೆಯುತ್ತಿತ್ತು. ಕೌಂಟರಿನ ಹುಡುಗ ಟ್ಯಾಬ್ಲೆಟ್ ನನ್ನ ಕಡೆ ತಿರುಗಿಸಿ, “ಪಾರ್ಕಿಂಗಿನಲ್ಲಿ ಯಾರೋ ಗುದ್ದಿ ಹೋದರೂ ಹೊಣೆ ನಿಮ್ಮದೇ ಸರ್” ಅಂದ. ಅಷ್ಟು ಸಾಕಾಯಿತು, ಸಹಿ ಹಾಕಿದೆ. ಒಂಬತ್ತು ದಿನ ಕಳೆದು ಬಿಲ್ ನೋಡಿದರೆ ಈ ರಕ್ಷಣೆಯ ಬಾಬತ್ತೇ ಕಾರಿನ ಬಾಡಿಗೆಯ ಅರ್ಧಕ್ಕಿಂತ ಮೇಲಿತ್ತು. ಆದರೆ ಆಡಿಕೊಳ್ಳುವ ಮುನ್ನ ಒಂದು ಮಾತು ಹೇಳಲೇಬೇಕು: ಕಾರು ವಾಪಸ್ ಕೊಟ್ಟ ದಿನ ಯಾರೂ ಸುತ್ತು ಹಾಕಿ ನೋಡಲಿಲ್ಲ. ಕೀಲಿ ಡಬ್ಬಿಗೆ ಹಾಕಿ ನಡೆದುಬಿಟ್ಟೆವು. ಆ ನೆಮ್ಮದಿ ಮುಂದಿನ ಎರಡು ಪ್ರವಾಸಗಳಲ್ಲಿ ಸಿಗಲಿಲ್ಲ.

ಹಾಗಂತ ‘ಪೂರ್ತಿ’ ಎಂದರೆ ಪೂರ್ತಿಯಲ್ಲ. ಟೈರು, ಗಾಜು, ಕಾರಿನ ತಳ, ಛಾವಣಿ, ಕಳೆದುಹೋದ ಕೀಲಿ, ಪೆಟ್ರೋಲ್ ಕಾರಿಗೆ ತುಂಬಿಸಿದ ಡೀಸೆಲ್, ಇವು ಎಷ್ಟೋ ಒಪ್ಪಂದಗಳಲ್ಲಿ ಹೊರಗೇ ಉಳಿದಿರುತ್ತವೆ. ಐಸ್‌ಲ್ಯಾಂಡಿನಲ್ಲಂತೂ ಜಲ್ಲಿಕಲ್ಲಿಗೆ ಒಂದು ರಕ್ಷಣೆ, ಮರಳು ಮತ್ತು ಬೂದಿಗೆ ಇನ್ನೊಂದು ಎಂದು ಬೇರೆ ಬೇರೆ ಮಾರುತ್ತಾರೆ. ಎರಡನ್ನೂ ಕೊಂಡಿದ್ದರೂ ಗಾಳಿಗೆ ಬಾಗಿಲು ಹಿಂದಕ್ಕೆ ಹೊಡೆದು ಬಗ್ಗಿದರೆ ಸಾಮಾನ್ಯವಾಗಿ ಜೇಬು ನಿಮ್ಮದೇ. ಹೊಳೆ ದಾಟುವಾಗ ಎಂಜಿನ್ನಿಗೆ ನೀರು ಹೊಕ್ಕರೂ ಅಷ್ಟೆ.

ಎರಡನೇ ಸಲ ಜಾಣನಾಗಲು ಹೊರಟೆ. ಹಲವು ಕಂಪನಿಗಳ ದರ ಒಟ್ಟಿಗೆ ತೋರಿಸುವ ಬುಕಿಂಗ್ ತಾಣವೊಂದರಲ್ಲಿ ಕಾರು ಗೊತ್ತು ಮಾಡಿ, ಅಲ್ಲೇ ಟಿಕ್ ಹಾಕಿ ‘ಫುಲ್ ಪ್ರೊಟೆಕ್ಷನ್’ ಕೊಂಡೆ. ಕೌಂಟರಿನ ದರದ ಮೂರನೇ ಒಂದು ಪಾಲೂ ಇರಲಿಲ್ಲ. ವೋಚರ್ ಪ್ರಿಂಟ್ ಹಾಕಿಸಿ, ಮಡಚಿ, ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡು ಹೋದೆ. ಕೌಂಟರಿನಾಕೆ ಅದನ್ನು ಬಿಚ್ಚಿ ನೋಡಿ, ಮತ್ತೆ ಅದೇ ಮಡಿಕೆಯಲ್ಲಿ ಮಡಚಿ ಕೈಗಿಟ್ಟು, “ಇದು ನಿಮಗೂ ಅವರಿಗೂ ಸಂಬಂಧಿಸಿದ್ದು” ಅಂದಳು. ಆಕೆಯದೇನೂ ತಪ್ಪಿಲ್ಲ. ತಾಣದವರು ಮಾರಿದ್ದು ಮೂರನೆಯವರ ಪಾಲಿಸಿ. ಮೊದಲು ನಾನು ಕಟ್ಟಬೇಕು, ಆಮೇಲೆ ಅವರು ಹಿಂದಿರುಗಿಸುತ್ತಾರೆ. ಹಾಗಾಗಿ ಎಕ್ಸೆಸ್ ಪೂರ್ತಿ ಮೊತ್ತ ಕಾರ್ಡಿನಲ್ಲಿ ಬ್ಲಾಕ್ ಆಯಿತು. ಮೂರನೇ ದಿನ ಹೋಟೆಲಿನಲ್ಲಿ ಅದೇ ಕಾರ್ಡ್ ಉಜ್ಜಿದರೆ ಲಿಮಿಟ್ ಮುಗಿದಿದೆ ಅಂತ ಬಂತು. ಹೆಂಡತಿ ತನ್ನ ಕಾರ್ಡ್ ತೆಗೆದು ಕೊಟ್ಟಳು, ಏನೂ ಮಾತಾಡಲಿಲ್ಲ. ಬೈದಿದ್ದರೇ ವಾಸಿಯಿತ್ತು. ಕಾರಿಗೆ ಒಂದು ಗೀರೂ ಆಗಲಿಲ್ಲ, ಆದರೂ ತಡೆಹಿಡಿದ ಹಣ ಬಿಡುಗಡೆಯಾಗಲು ಎರಡು ವಾರ ಹಿಡಿಯಿತು.

ಮೂರನೇ ಸಲ ಕಾರನ್ನು ನೇರವಾಗಿ ಬಾಡಿಗೆ ಕಂಪನಿಯಿಂದಲೇ ಗೊತ್ತುಮಾಡಿ, ಎಕ್ಸೆಸ್ ಪಾಲಿಸಿಯನ್ನು ಬೇರೆ ವಿಮಾ ಕಂಪನಿಯಿಂದ ಕೊಂಡೆ. ದರದಲ್ಲಿ ಎಲ್ಲಕ್ಕಿಂತ ಅಗ್ಗ. ಟೈರು, ಗಾಜು, ತಳವೂ ಸೇರಿದ್ದವು. ಎರಡು ಷರತ್ತು ಮರೆಯಬಾರದು: ಕಾರು ಕೈಗೆ ಬರುವ ಮುನ್ನವೇ ಕೊಂಡಿರಬೇಕು, ನೀವು ವಾಸವಿರುವ ದೇಶದವರಿಗೆ ಅವರು ಪಾಲಿಸಿ ಕೊಡುತ್ತಾರೋ ಇಲ್ಲವೋ ನೋಡಿಕೊಳ್ಳಬೇಕು. ಈ ಸಲವೂ ಡೆಪಾಸಿಟ್ ಬ್ಲಾಕ್ ಆಯಿತು, ಆದರೆ ಅದಕ್ಕೆಂದೇ ಒಂದು ಕಾರ್ಡ್ ಖಾಲಿ ಇಟ್ಟುಕೊಂಡಿದ್ದೆ. ಅದು ಕ್ರೆಡಿಟ್ ಕಾರ್ಡೇ ಆಗಿರಬೇಕು, ಮುಖ್ಯ ಚಾಲಕನ ಹೆಸರಲ್ಲೇ ಇರಬೇಕು. ಡೆಬಿಟ್ ಕಾರ್ಡ್ ಹಿಡಿದು ಹೋದವರಿಗೆ ಎಷ್ಟೋ ಕಡೆ ಕಾರೇ ಕೊಡುವುದಿಲ್ಲ, ಕೊಟ್ಟರೂ ಕೌಂಟರಿನ ವಿಮೆ ಕೊಳ್ಳಲೇಬೇಕು ಅನ್ನುತ್ತಾರೆ.

ಗ್ರಹಚಾರಕ್ಕೆ ಆ ಸಲವೇ ಚಕ್ರ ಫುಟ್‌ಪಾತಿನ ಅಂಚಿಗೆ ಉಜ್ಜಿತು. ಬಲಗಡೆಯ ಮುಂದಿನ ರಿಮ್ಮಿನ ಮೇಲೆ ಹೆಬ್ಬೆರಳುದ್ದದ ಬಿಳಿ ಗೀರು. ವಾಪಸ್ ಕೊಡುವಾಗ ಮೇಲ್ವಿಚಾರಕ ಮೊಣಕಾಲೂರಿ ಕೂತು ಅದರ ಮೇಲೆ ಬೆರಳಾಡಿಸಿ, ಉಗುರು ಸಿಕ್ಕಿಕೊಂಡದ್ದನ್ನು ನನಗೂ ತೋರಿಸಿದ. ಉಗುರು ಸಿಕ್ಕಿಕೊಂಡರೆ ಜಖಂ, ಜಾರಿದರೆ ಬಿಡುತ್ತೇವೆ ಅಂದ. ಅದು ಅವರ ಅಳತೆಗೋಲು. ಹಣ ಅಂದೇ ಕಡಿತವಾಯಿತು. ಮನೆಗೆ ಬಂದು ಕ್ಲೇಮ್ ಹಾಕಿದಾಗ ಕೇಳಿದ ಕಾಗದಗಳು: ಬಾಡಿಗೆ ಒಪ್ಪಂದ, ಜಖಂ ವರದಿ, ರಿಪೇರಿಯ ಬಿಲ್ ಅಥವಾ ಅಂದಾಜು, ಹಣ ಕಡಿತವಾದ ಕಾರ್ಡ್ ಸ್ಟೇಟ್‌ಮೆಂಟ್, ಲೈಸೆನ್ಸಿನ ಪ್ರತಿ. ರಿಪೇರಿಯ ಬಿಲ್ಲಿಗಾಗಿ ಬಾಡಿಗೆ ಕಂಪನಿಗೆ ನಾಲ್ಕು ಮೇಲ್ ಬರೆಯಬೇಕಾಯಿತು. ಹಣ ಬಂತು. ಬಾಡಿಗೆ ಕಂಪನಿ ಹಾಕಿದ್ದ ‘ನಿರ್ವಹಣಾ ಶುಲ್ಕ’ ಮಾತ್ರ ಬರಲಿಲ್ಲ, ಪಾಲಿಸಿಯಲ್ಲಿ ಅದು ಇರಲಿಲ್ಲ.

ಪ್ರವಾಸ ವಿಮೆಯ ಕತೆ ಇದಕ್ಕಿಂತ ಚಿಕ್ಕದು. ಒಂದು ಸಲ ಕ್ರೆಡಿಟ್ ಕಾರ್ಡಿನ ಜೊತೆ ಪುಕ್ಕಟೆ ಬರುವ ವಿಮೆಯನ್ನೇ ನಂಬಿ ಹೊರಟಿದ್ದೆ. ಟಿಕೆಟಿನ ಪೂರ್ತಿ ಹಣ ಅದೇ ಕಾರ್ಡಿನಿಂದ ಕಟ್ಟಿದ್ದರೆ ಮಾತ್ರ ಅದು ಜೀವಂತ, ನಾನು ಅರ್ಧ ರಿವಾರ್ಡ್ ಪಾಯಿಂಟ್‌ನಲ್ಲಿ ಕೊಂಡಿದ್ದೆ. ಮೆಟ್ಟಿಲಲ್ಲಿ ಜಾರಿ ಮಣಿಕಟ್ಟು ಊದಿಕೊಂಡ ಮೇಲೆ ಈ ಷರತ್ತು ಓದಿದೆ. ಎಕ್ಸ್‌ರೇ, ಕಟ್ಟು, ಎಲ್ಲ ಕೈಯಿಂದಲೇ ಹೋಯಿತು. ಟಿಕೆಟ್ ಕೊಳ್ಳುವಾಗ ಜೊತೆಗೇ ಟಿಕ್ ಹಾಕಿ ಕೊಳ್ಳುವ ವಿಮೆ ಇನ್ನೊಂದು ಬಗೆ. ಒಮ್ಮೆ ಕೊಂಡಿದ್ದೆ, ವಿಮಾನ ರದ್ದಾದರೆ, ಲಗೇಜ್ ತಡವಾದರೆ ಪರವಾಗಿಲ್ಲ, ಆಸ್ಪತ್ರೆಯ ಮಿತಿ ಮಾತ್ರ ತೀರಾ ಚಿಕ್ಕದು. ಯುರೋಪಿನ ಬಹುತೇಕ ದೇಶಗಳಿಗೆ ನಡೆಯುವ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯುರೋ ಚಿಕಿತ್ಸಾ ವಿಮೆ ಬೇಕೆಂಬ ನಿಯಮ ಇರುವುದರಿಂದ ಅಲ್ಲಿಗೆ ಹೋಗುವವರು ಹೇಗೂ ಬೇರೆ ಪಾಲಿಸಿ ಕೊಳ್ಳುತ್ತಾರೆ. ಉಳಿದ ಕಡೆಗೂ ನಾನು ಈಗ ಬೇರೆ ಪಾಲಿಸಿಯನ್ನೇ ಕೊಳ್ಳುತ್ತೇನೆ, ಆಸ್ಪತ್ರೆಗೆ ಅವರೇ ನೇರವಾಗಿ ಕಟ್ಟುವಂಥದ್ದು.

ಕಾರಿನ ವಿಮೆ, ಪ್ರವಾಸ ವಿಮೆ ಒಂದನ್ನೊಂದು ತುಂಬಿಕೊಡುತ್ತವೆ ಅಂದುಕೊಂಡಿದ್ದೆ. ಇಲ್ಲ. ಪ್ರವಾಸ ವಿಮೆಯಲ್ಲಿ ‘ವೈಯಕ್ತಿಕ ಹೊಣೆ’ ಎಂಬ ಭಾಗ ಇದ್ದರೂ ಮೋಟಾರು ವಾಹನದಿಂದಾದ ಹಾನಿಯನ್ನು ಅದು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಎರಡನ್ನೂ ಒಟ್ಟಿಗೇ ಬೀಳಿಸಬಲ್ಲದ್ದು ಲೈಸೆನ್ಸ್: ಆ ದೇಶದಲ್ಲಿ ನಡೆಯದ ಲೈಸೆನ್ಸಿನಲ್ಲಿ ಓಡಿಸಿದರೆ ಇಬ್ಬರಿಗೂ ಕೈ ಎತ್ತಲು ಕಾರಣ ಸಿಕ್ಕಂತೆ. ಅಂತಾರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್‌ನಲ್ಲೂ ಬಗೆಗಳಿವೆ. 1949ರ ಜಿನೀವಾ ಒಪ್ಪಂದದ್ದು ಒಂದು ವರ್ಷಕ್ಕೆ, 1968ರ ವಿಯೆನ್ನಾ ಒಪ್ಪಂದದ್ದು ಮೂರು ವರ್ಷದವರೆಗೆ. ಜಪಾನಿನಲ್ಲಿ ನಡೆಯುವುದು 1949ರ ಪರ್ಮಿಟ್ ಮಾತ್ರ.

ಯಾವುದು ಮೇಲು ಎಂದು ಕೇಳಿದರೆ, ವಾರಕ್ಕಿಂತ ಹೆಚ್ಚು ದಿನ, ಕಾರ್ಡಿನಲ್ಲಿ ಲಿಮಿಟ್ ಇದೆ, ಕಾಗದಪತ್ರದ ಬೆನ್ನು ಹತ್ತುವ ತಾಳ್ಮೆ ಇದೆ ಅನ್ನುವವರಿಗೆ ಮೂರನೆಯದು. ಎರಡು ದಿನದ ಕಾರಿಗೆ, ಅಥವಾ ಭಾಷೆ ಬಾರದ ಊರಿನಲ್ಲಿ ಜಗಳ ಬೇಡವೆಂದರೆ ಕೌಂಟರಿನದೇ ಇರಲಿ, ದುಬಾರಿಯಾದರೂ. ನಡುವಿನದ್ದನ್ನು ನಾನು ಮತ್ತೆ ಕೊಳ್ಳುವುದಿಲ್ಲ. ಡೆಪಾಸಿಟ್ಟೂ ತಪ್ಪುವುದಿಲ್ಲ, ಅದೇ ಹಣ ಮರಳಿಸುವ ಪಾಲಿಸಿ ಬೇರೆ ಕಡೆ ಅಗ್ಗಕ್ಕೆ ಸಿಗುತ್ತದೆ; ಹೆಸರು ಮಾತ್ರ ಕೌಂಟರಿನದರಂತೆಯೇ ಇದ್ದು ಮೋಸಹೋಗುತ್ತೇವೆ.

ಮೂರನೇ ಪ್ರವಾಸ ಮುಗಿದು ಮೂರು ತಿಂಗಳಾದ ಮೇಲೆ ಒಂದು ಲಕೋಟೆ ಬಂತು. ಸುರಂಗವೊಂದರಲ್ಲಿ ನಿಗದಿಗಿಂತ ಏಳು ಕಿಲೋಮೀಟರ್ ಜೋರಾಗಿ ಹೋಗಿದ್ದಕ್ಕೆ ದಂಡ. ಅದಕ್ಕೂ ಮೊದಲೇ, ನನ್ನ ವಿಳಾಸವನ್ನು ಪೊಲೀಸರಿಗೆ ಕೊಟ್ಟಿದ್ದಕ್ಕೆಂದು ಬಾಡಿಗೆ ಕಂಪನಿ ಕಾರ್ಡಿನಿಂದ ಶುಲ್ಕ ಮುರಿದುಕೊಂಡಿತ್ತು. ಪಾಲಿಸಿಗಳನ್ನೆಲ್ಲ ಮತ್ತೊಮ್ಮೆ ತೆಗೆದು ಓದಿದೆ. ದಂಡಕ್ಕೆ ಯಾವುದರಲ್ಲೂ ಜಾಗವಿಲ್ಲ.